ಮೈಗೆ ಒಗ್ಗದ ಕ್ರೀಮು ಬಿಸಿಲನ್ನು ತಡೆಯದು
ಸನ್‌ಸ್ಕ್ರೀನ್ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಸನ್‌ಸ್ಕ್ರೀನ್ ತಯಾರಿಕೆಯಲ್ಲಿ ತೊಡಗಿರುವ ಕೆಮಿಸ್ಟ್ ಮಿತ್ರರಿಗೆ,



ನಾನು ರಾಯಚೂರಿನಲ್ಲಿ ಚರ್ಮರೋಗ ವೈದ್ಯೆ. ನೀವು ಲ್ಯಾಬಿನಲ್ಲಿ ಅಳೆದು, ಬೆರೆಸಿ, ಟ್ಯೂಬಿಗೆ ತುಂಬಿ ಕಳಿಸುವ ಕ್ರೀಮನ್ನು ಚೀಟಿಯಲ್ಲಿ ಬರೆದುಕೊಡುವುದು ನನ್ನ ನಿತ್ಯದ ಕೆಲಸ. ಬರೆದುಕೊಟ್ಟ ಮೇಲೆ ಅದರ ಗತಿ ಏನಾಯಿತು ಎಂದು ನೋಡುವುದೂ ನನ್ನ ಪಾಲಿಗೇ ಬರುತ್ತದೆ. ನಿಮ್ಮ ಕಣ್ಣಿಗೆ ಬೀಳದ ಆ ಭಾಗವನ್ನು ನಿಮಗೆ ತಿಳಿಸಬೇಕೆಂದು ಈ ಪತ್ರ. ನಿಮ್ಮಲ್ಲಿ ಅನೇಕರು ನಮ್ಮ ಕಡೆಯ ಫಾರ್ಮಸಿ ಕಾಲೇಜುಗಳಲ್ಲೇ ಓದಿ ಬೆಂಗಳೂರು, ಹೈದರಾಬಾದ್, ಮುಂಬೈಗಳ ಕಂಪನಿಗಳಲ್ಲಿ ಇದ್ದೀರಿ. ಆ ಸಲುಗೆಯಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಹೇಳಬೇಕಾದದ್ದು ಒಂದೇ. ಹಚ್ಚಿಕೊಂಡಾಗ ಮೈಗೆ ಹಿತವೆನಿಸುವುದನ್ನು ಕೊನೆಯಲ್ಲಿ ಸೇರಿಸುವ ಸಿಂಗಾರವೆಂದು ದಯವಿಟ್ಟು ಎಣಿಸಬೇಡಿ. ಸನ್‌ಸ್ಕ್ರೀನ್ ವಿಷಯದಲ್ಲಿ ಆ ಹಿತವೇ ಔಷಧದ ಅರ್ಧ ಶಕ್ತಿ.

ಲೆಕ್ಕ ನಿಮಗೆ ಗೊತ್ತಿರುವುದೇ. ಟ್ಯೂಬಿನ ಮೇಲೆ ಎಸ್‌ಪಿಎಫ್ 50 ಎಂದು ಅಚ್ಚು ಹಾಕಿಸಬೇಕಾದರೆ ಪರೀಕ್ಷೆಯಲ್ಲಿ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಬೇಕು. ದೊಡ್ಡವರ ಮುಖಕ್ಕೆ ಅದು ಒಂದು ಗ್ರಾಂಗಿಂತ ತುಸು ಹೆಚ್ಚಾಗುತ್ತದೆ. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಒಂದೊಂದು ಗೆರೆ ಹಿಂಡಿಕೊಳ್ಳಿ ಎಂದು ನಾವು ರೋಗಿಗಳಿಗೆ ಹೇಳಿಕೊಡುವುದು ಇದನ್ನೇ. ಆದರೆ ಬೇರೆ ಬೇರೆ ದೇಶಗಳಲ್ಲಿ ಅಳೆದು ನೋಡಿದಾಗ ಜನ ನಿಜವಾಗಿ ಹಚ್ಚಿಕೊಳ್ಳುವುದು ಇದರ ಕಾಲು ಭಾಗದಿಂದ ಅರ್ಧ ಭಾಗ ಮಾತ್ರ ಎಂದು ಕಂಡಿದೆ. ಪ್ರಮಾಣ ಅರ್ಧಕ್ಕಿಳಿದರೆ ರಕ್ಷಣೆ ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ನನ್ನ ಮುಂದೆ ಕೂತವರಿಗೆ "ಹೆಂಗ ಹಚ್ಕೋತೀರಿ, ಒಮ್ಮೆ ತೋರಿಸ್ರಿ" ಎಂದರೆ ಕಡಲೆಕಾಳಿನಷ್ಟು ಹಿಂಡಿ ಹಣೆ, ಕೆನ್ನೆ, ಮೂಗಿಗೆ ಚುಕ್ಕೆಯಿಟ್ಟು ತಿಕ್ಕಿಬಿಡುತ್ತಾರೆ. ಇಷ್ಟು ಸಾಲದು ಎಂದರೆ ಉತ್ತರ ಸಿದ್ಧ: ಹೆಚ್ಚು ಹಚ್ಚಿದರೆ ಅಂಟುತ್ತದೆ, ಬೆಳ್ಳಗಾಗುತ್ತದೆ, ಕಣ್ಣುರಿಯುತ್ತದೆ. ಅಂದರೆ ನೀವು 50 ಎಂದು ಬರೆದು ಕಳಿಸಿದ್ದು, ನಿಮ್ಮ ಕ್ರೀಮಿನ ಅಂಟಿನಿಂದಾಗಿಯೇ, ಮುಖದ ಮೇಲೆ ಕೂರುವ ಹೊತ್ತಿಗೆ ಅದರ ಸಣ್ಣದೊಂದು ಪಾಲಾಗಿರುತ್ತದೆ.

ಬಂಗಿನ ಚಿಕಿತ್ಸೆಗೆ ಬರುವ ಒಬ್ಬ ತಾಯಿ ಗುಡಿಯ ಮುಂದೆ ಕೂತು ಹೂ ಮಾರುತ್ತಾರೆ. ಎರಡೂ ಕೆನ್ನೆ, ಮೂಗಿನ ದಿಂಡು, ಮೇಲ್ದುಟಿಯ ಮೇಲೆ ಕಂದು ಕಲೆ. ಸನ್‌ಸ್ಕ್ರೀನ್ ಬರೆದುಕೊಟ್ಟಿದ್ದೆ. ಮುಂದಿನ ಸಲ ಬಂದಾಗ ಚೀಲದಿಂದ ಟ್ಯೂಬು ತೆಗೆದು ಮೇಜಿನ ಮೇಲಿಟ್ಟರು. ಹೆಚ್ಚುಕಡಿಮೆ ತುಂಬಿಯೇ ಇತ್ತು.

"ಮೇಡಂ, ಇದ್ನ ಹಚ್ಕೊಂಡ್ರ ಮಕಕ್ಕ ಸುಣ್ಣ ಬಳದಂಗ ಆಗ್ತೈತ್ರಿ. ಬಾಜೂಕ ಕುಂತಾಕಿ, ಯಾಕವ್ವಾ ನಾಟಕಕ್ಕ ಹೊಂಟಿಯೇನು ಅಂತ ಕೇಳ್ತಾಳ. ಬೆವರು ಬಂತಂದ್ರ ಸೆರಗಿಗೆಲ್ಲ ಬೆಳ್ಳಗ ಹತ್ತತೈತಿ."

ಅಲ್ಲೇ ಹಚ್ಚಿ ತೋರಿಸಲು ಹೇಳಿದೆ. ಹೇಳಿಕೊಟ್ಟಷ್ಟೇ ಪ್ರಮಾಣ ತೆಗೆದುಕೊಂಡು, ಹೇಳಿಕೊಟ್ಟ ಹಾಗೆಯೇ ಹಚ್ಚಿಕೊಂಡರು. ಮೂಗಿನ ಪಕ್ಕದ ಮಡಿಕೆಯಲ್ಲಿ ಕ್ರೀಮು ಬಿಳಿ ಗೆರೆಯಾಗಿ ನಿಂತಿತು. ಹುಬ್ಬಿನ ಕೂದಲಿಗೂ ಕಿವಿಯ ಮುಂದಿನ ಸಣ್ಣ ರೋಮಕ್ಕೂ ಮೆತ್ತಿಕೊಂಡಿತು. ಹಣೆಯ ಕುಂಕುಮದ ಅಂಚು ಕರಗಿ ಗುಲಾಬಿಯಾಯಿತು. ಆ ಚೆಂದದ ಕಪ್ಪು ಮುಖ ಬೂದಿ ಬಣ್ಣಕ್ಕೆ ತಿರುಗಿತು. ಹತ್ತು ಜನ ನೋಡುವ ಜಾಗದಲ್ಲಿ ಕೂತು ವ್ಯಾಪಾರ ಮಾಡುವ ಹೆಣ್ಣುಮಗಳಿಗೆ ದಿನಾ ಹೀಗೆ ಹೋಗು ಎಂದು ಹೇಳುವ ಅಧಿಕಾರ ನನಗಿಲ್ಲ. ನಿಮಗೂ ಇಲ್ಲ.

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಟೈಟಾನಿಯಂ ಡೈಆಕ್ಸೈಡ್ ಗೋಡೆಯ ಬಣ್ಣಕ್ಕೆ ಬಿಳುಪು ಕೊಡುವ ವಸ್ತುವೇ. ಅದೂ ಜಿಂಕ್ ಆಕ್ಸೈಡೂ ನೇರಳಾತೀತ ಕಿರಣಗಳನ್ನು ಬಹುಪಾಲು ಹೀರಿಕೊಂಡೇ ತಡೆಯುತ್ತವೆ. ಆದರೆ ಕಣ್ಣಿಗೆ ಕಾಣುವ ಬೆಳಕನ್ನು ಚದುರಿಸುತ್ತವೆ. ಬಿಳಿ ಚರ್ಮದ ಮೇಲೆ ಆ ಚದುರುವಿಕೆ ಎದ್ದು ಕಾಣುವುದಿಲ್ಲ, ಕಂದು ಚರ್ಮದ ಮೇಲೆ ಎದ್ದು ಕಾಣುತ್ತದೆ. ಕಣಗಳನ್ನು ತೀರಾ ಸಣ್ಣದಾಗಿ ಅರೆದರೆ ಬಿಳುಪು ತಗ್ಗುತ್ತದೆ, ಆದರೆ ಯುವಿಎ ಕಡೆಯ ರಕ್ಷಣೆಯೂ ಕುಗ್ಗಬಹುದು. ಈ ಇಕ್ಕಟ್ಟು ನನಗೂ ಅರ್ಥವಾಗುತ್ತದೆ. ಅರ್ಥವಾಗದಿರುವುದು ಇಷ್ಟೇ: ಇಕ್ಕಟ್ಟು ಬಂದಾಗಲೆಲ್ಲ ಬಿಟ್ಟುಕೊಡಬೇಕಾದವರು ಕಪ್ಪು ಮೈಬಣ್ಣದವರೇ ಯಾಕಾಗಬೇಕು? ಎಸ್‌ಪಿಎಫ್ ಅಳೆಯುವ ಅಂತರರಾಷ್ಟ್ರೀಯ ವಿಧಾನವೇ ತಿಳಿ ಮೈಬಣ್ಣದವರನ್ನು ಆರಿಸಿಕೊಳ್ಳುತ್ತದೆ, ಯಾಕೆಂದರೆ ಚರ್ಮ ಕೆಂಪಾದದ್ದು ಕಾಣಬೇಕಲ್ಲ. ಅಳತೆಗೆ ಅದು ಸರಿಯಿರಬಹುದು. ಹಚ್ಚಿಕೊಂಡಾಗ ಹೇಗೆ ಕಾಣುತ್ತದೆ, ಹೇಗೆ ಅನಿಸುತ್ತದೆ ಎನ್ನುವ ಪರೀಕ್ಷೆಯನ್ನಾದರೂ ನಮ್ಮ ಬಣ್ಣದ ಜನರ ಮೇಲೆ ಮಾಡಲು ಯಾರ ಅಡ್ಡಿಯೂ ಇಲ್ಲ.

ಬಂಗಿನವರ ಕಷ್ಟ ಇಲ್ಲಿಗೆ ಮುಗಿಯುವುದಿಲ್ಲ. 2010ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣಿಗೆ ಕಾಣುವ ಬೆಳಕೂ ಕಪ್ಪು, ಕಂದು ಚರ್ಮವನ್ನು ಗಾಢಗೊಳಿಸುತ್ತದೆ, ಆ ಕಪ್ಪು ಬಹಳ ದಿನ ಉಳಿಯುತ್ತದೆ ಎಂದು ಗೊತ್ತಾಯಿತು. ಬಿಳಿ ಚರ್ಮದ ಮೇಲೆ ಆ ಪರಿಣಾಮ ಕಾಣಲಿಲ್ಲ. ಸಾಮಾನ್ಯ ಸನ್‌ಸ್ಕ್ರೀನ್ ಈ ಬೆಳಕನ್ನು ಸಾಕಷ್ಟು ತಡೆಯುವುದಿಲ್ಲ. ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್ ಬೆರೆಸಿದ ಬಣ್ಣದ ಸನ್‌ಸ್ಕ್ರೀನ್ ತಡೆಯುತ್ತದೆ. ಮೆಕ್ಸಿಕೊದ ವೈದ್ಯರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಒಂದೇ ಔಷಧ ಹಚ್ಚುತ್ತಿದ್ದ ಬಂಗಿನ ರೋಗಿಗಳ ಪೈಕಿ ಐರನ್ ಆಕ್ಸೈಡ್ ಇದ್ದ ಸನ್‌ಸ್ಕ್ರೀನ್ ಬಳಸಿದವರಿಗೆ ಹೆಚ್ಚು ಗುಣ ಕಂಡಿತು. ಹೀಗಾಗಿ ನಾನು ಬಣ್ಣದ್ದನ್ನೇ ಬರೆಯಲು ನೋಡುತ್ತೇನೆ. ಆದರೆ ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ "ಟಿಂಟೆಡ್" ಟ್ಯೂಬುಗಳು ಹೆಚ್ಚಾಗಿ ಒಂದೇ ಬಣ್ಣದವು, ಅದೂ ಗೋಧಿ ಬಣ್ಣದವರಿಗೂ ತಿಳಿಯೆನಿಸುವ ಗುಲಾಬಿ ಛಾಯೆ. ಹೂ ಮಾರುವ ಆ ತಾಯಿಯ ಬಣ್ಣಕ್ಕೆ ಹೊಂದುವ ಟ್ಯೂಬು ಈ ಊರಿನಲ್ಲಿ ನನಗಿನ್ನೂ ಸಿಕ್ಕಿಲ್ಲ. ಬಿಳುಪಿನ ಸಮಸ್ಯೆಗೂ ಬಂಗಿನ ಸಮಸ್ಯೆಗೂ ಒಟ್ಟಿಗೆ ಉತ್ತರವಾಗಬಲ್ಲ ಪದಾರ್ಥ ನಿಮ್ಮ ಕಪಾಟಿನಲ್ಲೇ ಇದೆ. ಅದನ್ನು ಇನ್ನೊಂದು ಹಿಡಿ ಹೆಚ್ಚು ಗಾಢವಾಗಿ ಬೆರೆಸಿ ಎಂಬುದು ನನ್ನ ಮೊದಲ ಬೇಡಿಕೆ. ಒಂದು ಟ್ಯೂಬಿನ ಜಾಗದಲ್ಲಿ ಮೂರು ಛಾಯೆ ಕೊಡಿ. ಮೂರರಲ್ಲಿ ಎರಡು ನಿಜವಾಗಿ ಗಾಢವಾಗಿರಲಿ.

ಇನ್ನು ಅಂಟು, ಜಿಡ್ಡು. ನನ್ನ ಅಣ್ಣನ ಮಗ ನಿಮ್ಮ ಹಾಗೆಯೇ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಾನೆ. ಎಣ್ಣೆಯ ಭಾಗ, ನೀರಿನ ಭಾಗ ಎರಡನ್ನೂ ಬೇರೆ ಬೇರೆ ಕಾಯಿಸಿ ಹೋಮೊಜೆನೈಸರ್ ಕೆಳಗೆ ಬೆರೆಸುವುದನ್ನು ಅವನ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಅವೊಬೆಂಜೋನ್ ಪುಡಿ ಕರಗಲು ಎಣ್ಣೆ ಬೇಕು. ಎಣ್ಣೆ ಸಾಲದಿದ್ದರೆ ದಿನ ಕಳೆದಂತೆ ಹರಳುಗಟ್ಟುತ್ತದೆ. ಬಿಸಿಲಿಗೆ ಅದು ಒಡೆದು ಕೆಡದಂತೆ ಹಿಡಿದಿಡಲು ಆಕ್ಟೋಕ್ರಿಲೀನ್ ಬೇಕು, ಅದು ಸ್ವತಃ ಮಂದವಾದ ಅಂಟು ದ್ರವ. ಎಸ್‌ಪಿಎಫ್ ಏರಿಸಿದಷ್ಟೂ ಎಣ್ಣೆಯ ಭಾಗ ಏರುತ್ತದೆ. ಬೆವರಿಗೆ ತೊಳೆದುಹೋಗಬಾರದೆಂದು ಪದರ ಕಟ್ಟುವ ಪಾಲಿಮರ್ ಹಾಕಿದರೆ ಬಿಗಿತ, ಮುಖ ಒರೆಸಿದರೆ ರಬ್ಬರ್ ಪುಡಿಯ ಹಾಗೆ ಉರುಳೆ. ಬೇಗ ಒಣಗಲಿ ಎಂದು ಆಲ್ಕೋಹಾಲ್ ಹಾಕಿದರೆ ಉರಿ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ, ಅತ್ತೆ, ಇದು ಅಷ್ಟು ಸುಲಭವಿಲ್ಲ ಎಂದ ಅವನು. ನಂಬುತ್ತೇನೆ. ಆದರೆ ಆ ಮಾದರಿಗಳನ್ನು ಹಚ್ಚಿ ನೋಡಿ ಅಂಕ ಕೊಡುತ್ತಿದ್ದವರು ಕೂತಿದ್ದ ಕೋಣೆಯಲ್ಲಿ ಎ.ಸಿ. ಓಡುತ್ತಿತ್ತು. ಹೊರಗೆ ಹೋಗಿ ಬೆವರಿ ಬಂದು ಮತ್ತೆ ಅಂಕ ಕೊಟ್ಟವರು ಯಾರೂ ಇರಲಿಲ್ಲ.

ಸನ್‌ಸ್ಕ್ರೀನ್ ಎಂಬುದು ಹುಟ್ಟಿದ್ದೇ ರಜೆಯ ದಿನಗಳಿಗಾಗಿ. 1930ರ ದಶಕದಲ್ಲಿ ಫ್ರಾನ್ಸಿನ ಕಡಲತೀರಕ್ಕೆ ಹೋಗುವವರಿಗಾಗಿ ಎಣ್ಣೆ ಬಂತು. ಆಸ್ಟ್ರಿಯಾದ ಫ್ರಾನ್ಸ್ ಗ್ರೈಟರ್ ಆಲ್ಪ್ಸ್ ಪರ್ವತ ಹತ್ತುವಾಗ ಮೈ ಸುಟ್ಟುಕೊಂಡ ಅನುಭವದಿಂದ 1946ರಲ್ಲಿ ಹಿಮನದಿಯ ಹೆಸರಿನ ಕ್ರೀಮು ಹೊರತಂದರು. ವರ್ಷಕ್ಕೆ ನಾಲ್ಕು ದಿನ ಮರಳ ಮೇಲೆ ಮಲಗುವವರು ಜಿಡ್ಡನ್ನು ಸಹಿಸಿಕೊಳ್ಳಬಹುದು. ದಿನಾ ಹೆಲ್ಮೆಟ್ ಹಾಕಿ, ದುಪಟ್ಟಾ ಸುತ್ತಿ, ಬಸ್ಸಿನ ಸರಳು ಹಿಡಿದು ನಿಲ್ಲುವವರು ಯಾಕೆ ಸಹಿಸಬೇಕು? ನಮ್ಮ ಹಾಗೆ ಬೆವರು ಸುರಿಯುವ ಬೇಸಿಗೆಯಿರುವ ಜಪಾನಿನಲ್ಲಿ ಯುವಿಎ ರಕ್ಷಣೆಗೆ 1996ರಲ್ಲೇ ಪಿಎ ಎಂಬ ಶ್ರೇಣಿ ತಂದರು. ಅಲ್ಲಿನ ಕಂಪನಿಗಳು ನೀರಿನ ಹಾಗೆ ಹರಡಿ ಮಾಯವಾಗುವ ಜೆಲ್‌ಗಳನ್ನೂ ಮಾಡಿದವು. ನೀರಿನ ಭಾಗದಲ್ಲೇ ಕೂರುವ ಫಿಲ್ಟರ್‌ಗಳು, ಕಡಿಮೆ ಹಾಕಿದರೂ ಹೆಚ್ಚು ತಡೆಯುವ ಬೆಮೊಟ್ರಿಜಿನಾಲ್, ಜಿಡ್ಡು ಹೀರುವ ಸಿಲಿಕಾ ಎಲ್ಲವೂ ನಿಮ್ಮ ಕೈಗೆಟುಕುವ ವಸ್ತುಗಳೇ.

ಬಟ್ಟೆಗೆ ಕಲೆಯಾಗುವ ದೂರು ಬಹುಶಃ ನಿಮ್ಮ ತನಕ ಬಂದೇ ಇಲ್ಲ. ಕುತ್ತಿಗೆಯ ಮೇಲೆ ತೊನ್ನು ಇದ್ದ ಒಬ್ಬ ದೈಹಿಕ ಶಿಕ್ಷಕರಿಗೆ ಸನ್‌ಸ್ಕ್ರೀನ್ ಬರೆದಿದ್ದೆ. ತೊನ್ನಿನ ಜಾಗದಲ್ಲಿ ಮೆಲನಿನ್ ಇಲ್ಲ, ಮೈದಾನದ ಬಿಸಿಲಿಗೆ ಸುಟ್ಟು ಕೆಂಪಾಗುತ್ತದೆ. ಕೆಲವು ವಾರ ಚೆನ್ನಾಗಿ ಹಚ್ಚಿಕೊಂಡರು, ಆಮೇಲೆ ನಿಲ್ಲಿಸಿಬಿಟ್ಟರು. ಕಾರಣ ಕೇಳಿದರೆ ಬಿಳಿ ಅಂಗಿಯ ಕಾಲರು ತೋರಿಸಿದರು. ಒಳಮಗ್ಗುಲಲ್ಲಿ ತುಕ್ಕಿನ ಬಣ್ಣದ ಪಟ್ಟಿ. ಒಗೆದಷ್ಟೂ ಕೆಂಪಾಗುತ್ತದೆ ಎಂದು ಮನೆಯಲ್ಲಿ ಬೈಗುಳವಂತೆ. ಅವೊಬೆಂಜೋನ್ ನೀರಿನಲ್ಲಿರುವ ಕಬ್ಬಿಣದ ಜೊತೆ ಕೂಡಿದರೆ ಈ ಬಣ್ಣ ಬರುತ್ತದೆ ಎನ್ನುವುದು ನಿಮಗೆ ಹೊಸದಲ್ಲ. ನಮ್ಮ ಎಷ್ಟೋ ಊರುಗಳಲ್ಲಿ ಬಟ್ಟೆ ಒಗೆಯುವುದು ಕಬ್ಬಿಣದಂಶವಿರುವ ಬೋರ್‌ವೆಲ್ ನೀರಿನಲ್ಲೇ. ಬಿಳಿ ಯೂನಿಫಾರ್ಮಿನ ಮಕ್ಕಳು, ನರ್ಸುಗಳು, ವಕೀಲರು, ಪಂಚೆ ಉಡುವ ಹಿರಿಯರು ಎಲ್ಲರಿಗೂ ಇದು ಬಾಧಕ. ಒಂದು ತುಂಡು ಬಿಳಿ ಕಾಟನ್ ಬಟ್ಟೆ, ಒಂದು ಬಕೆಟ್ ಬೋರ್‌ವೆಲ್ ನೀರು, ಅಂಗಡಿಯಲ್ಲಿ ಸಿಗುವ ಸೋಪಿನ ಪುಡಿ ಇಟ್ಟುಕೊಂಡು ನೀವೇ ಒಗೆದು ನೋಡಿ. ಇದಕ್ಕೆ ದೊಡ್ಡ ಯಂತ್ರವೇನೂ ಬೇಡ.

ಕಣ್ಣುರಿಯ ದೂರು ಅತಿ ಹೆಚ್ಚು ಬರುವುದು ಬೈಕಿನಲ್ಲಿ ಓಡಾಡುವವರಿಂದ. ಹಣೆಯ ಬೆವರು ಕ್ರೀಮನ್ನೂ ಹೊತ್ತು ಕಣ್ಣಿಗಿಳಿಯುತ್ತದೆ. ಗಾಡಿ ಓಡಿಸುತ್ತಾ ಕಣ್ಣುಜ್ಜಿಕೊಳ್ಳುವುದು ಅಪಾಯ. ಕಣ್ಣುರಿಸದ ಕ್ರೀಮು ಮಾಡಿ, ಸುವಾಸನೆಯನ್ನಂತೂ ಪೂರಾ ಬಿಟ್ಟುಬಿಡಿ. ಅದು ಯಾರಿಗೂ ಬೇಕಿಲ್ಲ, ಅಲರ್ಜಿಯವರಿಗೆ ಕೇಡು.

ಭಾರತೀಯರಿಗೆ ಸನ್‌ಸ್ಕ್ರೀನ್ ಯಾಕೆ ಎಂದು ಕೇಳುವವರಿದ್ದಾರೆ. ನಮ್ಮ ಮೆಲನಿನ್ ನಮಗೆ ಒಂದಿಷ್ಟು ಕಾವಲು ಕೊಡುತ್ತದೆ, ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಬಿಳಿಯರಿಗಿಂತ ಬಹಳ ಕಡಿಮೆ. ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು ತಲೆಗೆ ಬಟ್ಟೆ ಕಟ್ಟುತ್ತಾರಲ್ಲ, ಅದಕ್ಕೆ ಸಮನಾದ ರಕ್ಷಣೆ ಇನ್ನೊಂದಿಲ್ಲ. ಅವರಿಗೆ ನಾನು ಕ್ರೀಮು ಬರೆಯುವುದಿಲ್ಲ. ಆದರೆ ಲೂಪಸ್ ಇರುವ ಹುಡುಗಿಗೆ ಬಿಸಿಲೇ ವೈರಿ. ಕಾಂಗ್ರೆಸ್ ಗಿಡದ ಅಲರ್ಜಿಯಿಂದ ಮುಖ, ಕುತ್ತಿಗೆ ದಪ್ಪಗಟ್ಟಿದ ರೈತರಿಗೆ ಬಿಸಿಲು ತಾಗಿದರೆ ತುರಿಕೆ ಕೆರಳುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆ ನುಂಗುವವರು, ಮೊಡವೆಯ ಕಪ್ಪು ಕಲೆಯವರು, ಹುಟ್ಟಿನಿಂದಲೇ ಮೈಯಲ್ಲಿ ಬಣ್ಣವಿಲ್ಲದ ಮಕ್ಕಳು ಇದ್ದಾರೆ. ಈ ಕೊನೆಯವರಿಗಂತೂ ಇದು ಜೀವದ ಪ್ರಶ್ನೆ. ಟಾಂಜಾನಿಯಾದ ಮೋಶಿ ಪಟ್ಟಣದಲ್ಲಿ ಇಂಥವರಿಗೆಂದೇ ಕಿಲಿಸನ್ ಎಂಬ ಸನ್‌ಸ್ಕ್ರೀನನ್ನು ಅಲ್ಲೇ ತಯಾರಿಸಿ ಉಚಿತವಾಗಿ ಹಂಚುತ್ತಾರೆ. ನಮ್ಮ ಊರಿನ ಹವೆಗೆ, ನಮ್ಮ ಜನರಿಗೆ ಹೊಂದುವಂತೆ ನಮ್ಮಲ್ಲೂ ಮಾಡಬಹುದು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ರಾಯಚೂರಿನಲ್ಲಿ ಮೇ ಆರಂಭದಲ್ಲೊಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ ಸೂರ್ಯ ನಡುನೆತ್ತಿಯ ಮೇಲೆ ಬಂದು ಕಂಬದ ನೆರಳೇ ಇಲ್ಲವಾಗುತ್ತದೆ. ಇಂಥ ಕಡೆ ಇರುವವರಿಗೆ ಯುರೋಪಿನ ಹವೆಗೆ ಹದಮಾಡಿದ ಕ್ರೀಮು ಸಲ್ಲದು.

ದಿನಾ ಹಚ್ಚುವುದರ ಬೆಲೆ ಏನೆಂದು ಆಸ್ಟ್ರೇಲಿಯಾದ ನ್ಯಾಂಬೋರ್ ಊರಿನ ಅಧ್ಯಯನ ತೋರಿಸಿದೆ. 1992ರಲ್ಲಿ ಶುರುವಾದ ಅದರಲ್ಲಿ 1,600ಕ್ಕೂ ಹೆಚ್ಚು ಜನರಿದ್ದರು. ಒಂದು ಗುಂಪಿಗೆ ದಿನಾ ಹಚ್ಚಲು ಹೇಳಿ, ಇನ್ನೊಂದನ್ನು ಅವರಿಷ್ಟಕ್ಕೆ ಬಿಟ್ಟರು. ದಿನಾ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ಶೇ. 40ರಷ್ಟು ಕಡಿಮೆಯಾಯಿತು, ಚರ್ಮ ಮುಪ್ಪಾಗುವುದೂ ಶೇ. 24ರಷ್ಟು ತಗ್ಗಿತು. ಅವರು ಬಿಳಿಯರು, ಆ ಅಂಕಿಗಳನ್ನು ನಮಗೆ ಹಾಗೆಯೇ ಅನ್ವಯಿಸಲಾಗದು. ನಾನು ನಿಮ್ಮ ಗಮನಕ್ಕೆ ತರುವುದು ಬೇರೆ. ಅಲ್ಲಿ ಕೊಟ್ಟ ಕ್ರೀಮಿನ ಎಸ್‌ಪಿಎಫ್ 15ರ ಆಸುಪಾಸಿನದು. ಕೆಲಸ ಮಾಡಿದ್ದು ದಿನಾ ಹಚ್ಚಿದ ಅಭ್ಯಾಸ. ಎಸ್‌ಪಿಎಫ್ 30 ಸುಮಾರು ಶೇ. 97ರಷ್ಟು ಯುವಿಬಿ ತಡೆದರೆ 50 ತಡೆಯುವುದು ಶೇ. 98ರಷ್ಟು. ಆ ಒಂದು ಪಾಲಿಗಾಗಿ ಇನ್ನಷ್ಟು ಎಣ್ಣೆ ಸುರಿದು, ಜನ ಹಚ್ಚದೇ ಬಿಡುವಂಥ ಟ್ಯೂಬು ಮಾಡುವುದಕ್ಕಿಂತ, ಮನಸಾರೆ ಎರಡು ಬೆರಳು ಹಚ್ಚಿಕೊಳ್ಳುವಂಥ 30ನ್ನು ಮಾಡಿಕೊಡಿ. ಯುವಿಎ ರಕ್ಷಣೆ ಮಾತ್ರ ಅದರಲ್ಲಿ ಗಟ್ಟಿಯಾಗಿರಲಿ.

ಬೆಲೆಯೂ ಹಿತದ ಭಾಗವೇ. ಮುಖಕ್ಕೆ ಸಲಕ್ಕೆ 1.2 ಗ್ರಾಂ, ದಿನಕ್ಕೆರಡು ಸಲ ಎಂದರೆ 50 ಗ್ರಾಂ ಟ್ಯೂಬು ಇಪ್ಪತ್ತು ದಿನಕ್ಕೆ ಮುಗಿಯಬೇಕು. 400 ರೂಪಾಯಿಯ ಟ್ಯೂಬಾದರೆ ತಿಂಗಳಿಗೆ 600 ರೂಪಾಯಿ, ಒಬ್ಬರಿಗೆ. ಆ ದುಡ್ಡಿನ ಭಯಕ್ಕೇ ಅದನ್ನು ಆರು ತಿಂಗಳು ಎಳೆಯುತ್ತಾರೆ. ರಟ್ಟಿನ ಹೊಳಪು ಪೆಟ್ಟಿಗೆ, ನಟಿಯ ಚಿತ್ರ, ಗಾಜಿನ ಬಾಟಲಿ ಯಾವುದೂ ಬೇಡ. 200 ಗ್ರಾಂನ ಸಾದಾ ಪಂಪ್ ಬಾಟಲಿ ಕೊಡಿ. ಅದರ ಮೇಲೆ ಎರಡು ಬೆರಳಿನ ಚಿತ್ರ ಹಾಕಿ ಎಷ್ಟು ಹಚ್ಚಬೇಕೆಂದು ಕನ್ನಡದಲ್ಲಿ ಬರೆಯಿರಿ. ನಮ್ಮ ಮೆಡಿಕಲ್ ಶಾಪಿನ ಹುಡುಗರು ಅದನ್ನೇ ತೋರಿಸಿ ಹೇಳಿಕೊಡುತ್ತಾರೆ.

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಿದೆ. ಉಳಿದುಹೋಗುವ ಬಿಳುಪನ್ನು ಮರೆಮಾಚಲು ಅದನ್ನೇ "ತಕ್ಷಣದ ಕಾಂತಿ" ಎಂದು ಮಾರುವುದನ್ನು ನಾನು ನೋಡುತ್ತಿದ್ದೇನೆ. ಅದು ನಿಮ್ಮ ಜಾಹೀರಾತು ವಿಭಾಗದ ಕೆಲಸವಿರಬಹುದು, ಆದರೆ ಫಾರ್ಮುಲಾಕ್ಕೆ ಸಹಿ ಹಾಕುವವರು ನೀವು. ಕಪ್ಪು ಮಗುವಿನ ತಾಯಿ ನನ್ನ ಬಳಿ ಸನ್‌ಸ್ಕ್ರೀನ್ ಕೇಳುವುದು ಮಗಳು ಬೆಳ್ಳಗಾಗಲಿ ಎಂದು. ಅವರಿಗೆ ತಿಳಿಹೇಳಲು ನಾನು ಪಡುವ ಶ್ರಮವನ್ನು ನಿಮ್ಮ ಒಂದು ಲೇಬಲ್ ಅಳಿಸಿಹಾಕುತ್ತದೆ. ಫೇರ್‌ನೆಸ್, ಡಿ-ಟ್ಯಾನ್ ಎಂಬ ಮಾತುಗಳನ್ನು ಸನ್‌ಸ್ಕ್ರೀನಿನಿಂದ ದೂರವಿಡಲು ಕಂಪನಿಯೊಳಗೆ ಮಾತನಾಡಿ. ನಿಮ್ಮ ಮಾತಿಗೆ ಅಲ್ಲಿ ತೂಕವಿದೆ.

ಮುಂದಿನ ಮಾದರಿ ಸಿದ್ಧವಾದಾಗ ಅದನ್ನು ಮೇ ತಿಂಗಳ ರಾಯಚೂರಿಗೆ ತನ್ನಿ. ಪೌರಕಾರ್ಮಿಕರು, ಟ್ರಾಫಿಕ್ ಪೊಲೀಸರು, ಹೂ-ತರಕಾರಿ ಮಾರುವವರು, ಬಸ್ ಕಂಡಕ್ಟರುಗಳು, ಕಾಲೇಜು ಹುಡುಗಿಯರ ಪೈಕಿ ಒಪ್ಪಿದವರಿಗೆ ಹಚ್ಚಿ, ಮಧ್ಯಾಹ್ನ ಎರಡಕ್ಕೆ ಅವರ ಮುಖ ನೋಡಿ, ಸಂಜೆ ಅವರ ಕಾಲರು ನೋಡಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ನೈತಿಕ ಸಮಿತಿಯ ಒಪ್ಪಿಗೆಗೆ ಬೇಕಾದ ಕಾಗದಪತ್ರ, ಜನರನ್ನು ಒಪ್ಪಿಸುವ ಕೆಲಸ, ತೊಂದರೆಯಾದರೆ ಚಿಕಿತ್ಸೆ, ಮೂರನ್ನೂ ಸಂಭಾವನೆಯಿಲ್ಲದೆ ನಾನು ವಹಿಸಿಕೊಳ್ಳುತ್ತೇನೆ. ಬರುವ ಬೇಸಿಗೆಗೆ ಬರಬೇಕೆಂದಿದ್ದರೆ ಜನವರಿಯೊಳಗೆ ತಿಳಿಸಿ. ಸಮಿತಿಯ ಒಪ್ಪಿಗೆಗೆ ಅಷ್ಟು ಸಮಯ ಬೇಕಾಗುತ್ತದೆ.

ಗೌರವಾದರಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ಚರ್ಮರೋಗ ವೈದ್ಯೆ
ರಾಯಚೂರು